ರೂಟರ್ ಆಗಲು ಯಾವ ಪಿಸಿ, ಅದರೊಳಗೆ ಯಾವ ತಂತ್ರಾಂಶ: ಕಲಬುರಗಿಯಲ್ಲಿ ಕೂತು ಹಾಕಿದ ಲೆಕ್ಕ

ಸೇಡಂ ರಸ್ತೆಯಲ್ಲಿ ಒಂದು ಓದುವ ಕೊಠಡಿ ಇದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ಬೆಳಿಗ್ಗೆ ಆರಕ್ಕೆ ಬಂದು ಕೂತರೆ ಏಳುವುದು ರಾತ್ರಿ ಹತ್ತಕ್ಕೆ. ನಲವತ್ತು ಕುರ್ಚಿ, ಅಂದರೆ ನಲವತ್ತು ಮೊಬೈಲ್, ಜೊತೆಗೆ ಹದಿನೈದು ಲ್ಯಾಪ್‌ಟಾಪ್. ಸಂಜೆ ಏಳಕ್ಕೆ ಎಲ್ಲರೂ ಒಟ್ಟಿಗೆ ವಿಡಿಯೊ ಪಾಠ ತೆರೆದರೆ ಸಾಕು, ಇಂಟರ್ನೆಟ್ ಸೇವೆ ಕೊಟ್ಟವರು ಗೋಡೆಗೆ ಹೊಡೆದು ಹೋಗಿದ್ದ ಬಿಳಿ ರೂಟರ್ ಪೆಟ್ಟಿಗೆ ಮಂಕಾಗಿಬಿಡುತ್ತಿತ್ತು. ಸ್ವಿಚ್ ಆರಿಸಿ ಮತ್ತೆ ಹಾಕಿದರೆ ಹತ್ತು ನಿಮಿಷ ಸರಿ, ಆಮೇಲೆ ಮತ್ತೆ ಅದೇ ಕಥೆ. ಮಾಲೀಕರು 100 ಎಂಬಿಪಿಎಸ್ ಲೈನನ್ನು 200ಕ್ಕೆ ಏರಿಸಿದರು. ತಿಂಗಳ ಬಿಲ್ಲು ಏರಿತು, ಸಂಜೆಯ ತೊಂದರೆ ಮಾತ್ರ ಇದ್ದಲ್ಲೇ ಇತ್ತು.

ತೊಂದರೆ ಲೈನಿನಲ್ಲಿ ಇರಲೇ ಇಲ್ಲ, ನ್ಯಾಟ್‌ನಲ್ಲಿ, ಅಂದರೆ ಒಳಗಿನ ಹಲವು ವಿಳಾಸಗಳನ್ನು ಹೊರಗಿನ ಒಂದೇ ವಿಳಾಸಕ್ಕೆ ಬದಲಿಸುವ ಕೆಲಸದಲ್ಲಿ ಇತ್ತು. ಒಳಗಿನ ಐವತ್ತೈದು ಸಾಧನಗಳಿಗೆ 192.168ರಿಂದ ಶುರುವಾಗುವ ಖಾಸಗಿ ವಿಳಾಸಗಳು, ಹೊರಗೆ ಇರುವುದು ಒಂದೇ ವಿಳಾಸ. ಯಾರ ಪ್ಯಾಕೆಟ್ (ಮಾಹಿತಿಯ ತುಣುಕು) ಯಾವ ಪೋರ್ಟ್ ಸಂಖ್ಯೆಯಿಂದ ಹೊರಗೆ ಹೋಯಿತು, ಉತ್ತರ ಬಂದರೆ ಯಾರಿಗೆ ಮುಟ್ಟಿಸಬೇಕು ಎಂಬುದನ್ನು ರೂಟರ್ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಒಂದು ಮೊಬೈಲ್ ಸುಮ್ಮನೆ ಕೂತಿದ್ದರೂ ಹತ್ತಾರು ಸಂಪರ್ಕಗಳನ್ನು ತೆರೆದಿರುತ್ತದೆ. ಸಾಧನಕ್ಕೆ 150 ಎಂದು ಹಿಡಿದರೂ 55 ಸಾಧನಕ್ಕೆ 8,250 ನಮೂದುಗಳಾದವು. ಸಣ್ಣ ಪೆಟ್ಟಿಗೆಯ ಮೆಮೊರಿ ಮತ್ತು ಪ್ರೊಸೆಸರ್ ಉಸಿರುಗಟ್ಟುವುದು ಇಲ್ಲೇ. ಸ್ವಿಚ್ ಆರಿಸಿದಾಗ ಪಟ್ಟಿ ಅಳಿಸಿಹೋಗುತ್ತದೆ, ಆದ್ದರಿಂದಲೇ ಆ ಹತ್ತು ನಿಮಿಷದ ನೆಮ್ಮದಿ. ಐಪಿವಿ4 ಎಂಬ ಈ ಬಗೆಯ ಇಂಟರ್ನೆಟ್ ವಿಳಾಸಗಳು ಒಟ್ಟು 429 ಕೋಟಿಯಷ್ಟೇ ಎಂಬ ಚಿಂತೆಯಲ್ಲಿ 1994ರ ಮೇ ತಿಂಗಳಲ್ಲಿ ನ್ಯಾಟ್ ಕುರಿತ ಮೊದಲ ದಾಖಲೆ ಹೊರಬಂದಾಗ ಅದನ್ನು ತಾತ್ಕಾಲಿಕ ಉಪಾಯ ಎಂದೇ ಭಾವಿಸಲಾಗಿತ್ತು. ಮೂವತ್ತು ವರ್ಷ ಕಳೆದರೂ ನಮ್ಮ ಸಂಜೆಗಳು ಅದರ ಮೇಲೆಯೇ ನಿಂತಿವೆ.

ಈ ಕೆಲಸಕ್ಕೆಂದೇ ಒಂದು ಪಿಸಿಯನ್ನು ಮೀಸಲಿಟ್ಟರೆ ಪಟ್ಟಿಯ ಚಿಂತೆ ತೀರುತ್ತದೆ. 2 ಜಿಬಿ ರ್‍ಯಾಮ್ ಇರುವ ಯಂತ್ರದಲ್ಲೂ ಲಕ್ಷಕ್ಕಿಂತ ಹೆಚ್ಚು ನಮೂದುಗಳು ಸಲೀಸಾಗಿ ಹಿಡಿಯುತ್ತವೆ. ಆದರೆ ಯಾವ ಪಿಸಿ, ಅದರೊಳಗೆ ಏನು ಎಂಬ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ನಾನು ಈ ಊರಿನಲ್ಲಿ ಓದುವ ಕೊಠಡಿಗೆ, ಕಪನೂರಿನ ಒಂದು ದಾಲ್ ಮಿಲ್ಲಿಗೆ ಮತ್ತು ನನ್ನ ಮನೆಗೆ ಬೇರೆ ಬೇರೆ ಉತ್ತರ ಆರಿಸಿಕೊಂಡಿದ್ದೇನೆ. ಆ ಆಯ್ಕೆಯ ಹಿಂದಿನ ಲೆಕ್ಕ ಇಲ್ಲಿದೆ.

ಮೊದಲೇ ಹೇಳಿಬಿಡುತ್ತೇನೆ: ಐದಾರು ಜನರ ಮನೆ, 100 ಎಂಬಿಪಿಎಸ್ ಲೈನ್, ಕಲಿಯುವ ಆಸೆಯೇನೂ ಇಲ್ಲ ಎಂದಾದರೆ ಪಿಸಿ ಬೇಡ. ಒಂದು ಒಳ್ಳೆಯ ಸಿದ್ಧ ರೂಟರ್ ಕೊಳ್ಳಿ. ಇಪ್ಪತ್ತೈದು ಸಾಧನ ದಾಟಿದವರು, ಎರಡು ಕಂಪನಿಗಳ ಲೈನ್ ಜೋಡಿಸಬೇಕಾದವರು, ಶಾಖೆಯಿಂದ ಶಾಖೆಗೆ ವಿಪಿಎನ್ (ಇಂಟರ್ನೆಟ್ ಮೂಲಕವೇ ಖಾಸಗಿ ಸಂಪರ್ಕ) ಬೇಕಾದವರು ಮತ್ತು ಜಾಲದ ಕೆಲಸವನ್ನು ಕೈಯಾರೆ ಕಲಿಯಬೇಕೆನ್ನುವ ವಿದ್ಯಾರ್ಥಿಗಳು ಮುಂದೆ ಓದಿ.

ಎಲ್ಲಕ್ಕಿಂತ ಮೊದಲು ನಿಮ್ಮ ವಿಳಾಸ ನೋಡಿ

ಹಣ ಖರ್ಚು ಮಾಡುವ ಮುನ್ನ ಈಗಿರುವ ಪೆಟ್ಟಿಗೆಯ ಸೆಟ್ಟಿಂಗ್ ಪುಟ ತೆರೆದು, ಹೊರಗಿನ ಬದಿಗೆ ಬಂದಿರುವ ವಿಳಾಸ ಯಾವುದೆಂದು ನೋಡಿಕೊಳ್ಳಿ. ಅದು 100.64ರಿಂದ 100.127ರ ಒಳಗಿದ್ದರೆ, ನಿಮ್ಮ ಸೇವಾದಾರರು ತಮ್ಮ ಕಡೆಯಲ್ಲೇ ಇನ್ನೊಂದು ನ್ಯಾಟ್ ಹಾಕಿದ್ದಾರೆ ಎಂದರ್ಥ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ಈ ಉಪಯೋಗಕ್ಕೆಂದೇ ಆ ವಿಳಾಸಗಳನ್ನು 2012ರಲ್ಲಿ ಬದಿಗಿರಿಸಲಾಯಿತು. ಹೊರಗಿನ ವಿಳಾಸ 10ರಿಂದ ಶುರುವಾಗಿದ್ದರೂ ಇದೇ ಮಾತು.

ಹಾಗಿದ್ದರೆ ಬ್ರೌಸಿಂಗ್‌ಗೆ, ವಿಡಿಯೊಗೆ ಏನೂ ತೊಂದರೆಯಿಲ್ಲ. ಆದರೆ ಅಂಗಡಿಯ ಸಿಸಿಟಿವಿಯನ್ನು ಮನೆಯಿಂದ ನೋಡಲು ಪೋರ್ಟ್ ಫಾರ್ವರ್ಡ್ ಮಾಡುತ್ತೇನೆ, ಅಂದರೆ ಹೊರಗಿನಿಂದ ಬಂದದ್ದನ್ನು ಒಳಗಿನ ಒಂದು ಸಾಧನಕ್ಕೆ ತಿರುಗಿಸುತ್ತೇನೆ ಎಂದು ಹೊರಟರೆ ಯಾವ ಪಿಸಿಯೂ, ಯಾವ ತಂತ್ರಾಂಶವೂ ನಿಮಗೆ ನೆರವಾಗುವುದಿಲ್ಲ. ಬಾಗಿಲು ನಿಮ್ಮ ಮನೆಯಲ್ಲಿ ಇಲ್ಲವೇ ಇಲ್ಲ. ಸೇವಾದಾರರಿಂದ ಸ್ಥಿರ ವಿಳಾಸ ಕೊಳ್ಳಬೇಕು, ಇಲ್ಲವೇ ಒಳಗಿನಿಂದಲೇ ಹೊರಕ್ಕೆ ವೈರ್‌ಗಾರ್ಡ್ ಎಂಬ ವಿಪಿಎನ್‌ನ ಸುರಂಗ ತೋಡಬೇಕು. ಜಗತ್ ವೃತ್ತದ ಬಳಿಯ ಅಂಗಡಿಯವರೊಬ್ಬರು ಇದಕ್ಕಾಗಿಯೇ ಹೊಸ ಪಿಸಿ ಕೊಂಡ ಮೇಲೆ ನನ್ನನ್ನು ಕರೆದಿದ್ದರು. ಎರಡು ನಿಮಿಷದ ಪರೀಕ್ಷೆ ಅವರ ಹಣ ಉಳಿಸುತ್ತಿತ್ತು.

ಯಂತ್ರ: ಹಳೆಯ ಡೆಸ್ಕ್‌ಟಾಪೋ, ಫ್ಯಾನಿಲ್ಲದ ಪುಟ್ಟ ಪೆಟ್ಟಿಗೆಯೋ

ಮೂಲೆಯಲ್ಲಿ ಬಿದ್ದಿರುವ ಹಳೆಯ ಕೋರ್ 2 ಡ್ಯುಯೊ ಡೆಸ್ಕ್‌ಟಾಪ್ 200 ಎಂಬಿಪಿಎಸ್ ನ್ಯಾಟ್ ಕೆಲಸವನ್ನು ಬೆವರದೆ ಮಾಡುತ್ತದೆ. ಶಕ್ತಿಯಲ್ಲಿ ಕೊರತೆಯಿಲ್ಲ, ಅದನ್ನು ಕೊಳ್ಳಬೇಕಾಗಿಯೂ ಇಲ್ಲ. ಆದರೆ ರೂಟರ್ ಎಂದರೆ ದಿನದ 24 ಗಂಟೆ ಉರಿಯುವ ಯಂತ್ರ, ಹಾಗಾಗಿ ಬೆಲೆಯ ಬದಲು ಮೀಟರನ್ನು ನೋಡಬೇಕು. ಇಂಥ ಡೆಸ್ಕ್‌ಟಾಪ್ ಸುಮ್ಮನಿದ್ದಾಗಲೂ ಸುಮಾರು 70 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳಿ. ತಿಂಗಳಿಗೆ 50 ಯೂನಿಟ್ ಆಯಿತು. ಇಂಟೆಲ್ ಎನ್100 ಪ್ರೊಸೆಸರಿನ, ಫ್ಯಾನ್ ಇಲ್ಲದ ಮಿನಿ ಪಿಸಿ 10 ವ್ಯಾಟ್ ಆಸುಪಾಸಿನಲ್ಲಿ ನಡೆಯುತ್ತದೆ. ತಿಂಗಳಿಗೆ 7 ಯೂನಿಟ್.

ಅಂಗಡಿಯ ಮೀಟರಿಗೆ ಇದು ತಿಂಗಳಿಗೆ ಕೆಲವು ನೂರು ರೂಪಾಯಿಗಳ ಮಾತು. ಮನೆಯ ಮೀಟರಿಗೆ ಹಾಗಲ್ಲ. ಗೃಹಜ್ಯೋತಿ ಯೋಜನೆಯನ್ನು 2023ರ ಆಗಸ್ಟ್ 5ರಂದು ನಮ್ಮ ಕಲಬುರಗಿಯಲ್ಲೇ ಉದ್ಘಾಟಿಸಿದರು. ಅದರ ನಿಯಮದಂತೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. 160 ಯೂನಿಟ್ ಬಳಸುವ ಮನೆಗೆ ಈ ಡೆಸ್ಕ್‌ಟಾಪ್ ಸೇರಿದರೆ 210. ಪುಕ್ಕಟೆ ಸಿಕ್ಕ ಪಿಸಿ ಇಡೀ ಮನೆಯ ಕರೆಂಟನ್ನು ದುಬಾರಿ ಮಾಡುತ್ತದೆ. ಮನೆಗೆ ಹಳೆಯ ಡೆಸ್ಕ್‌ಟಾಪ್ ಬೇಡವೇ ಬೇಡ ಎಂದು ನಾನು ಹೇಳುವುದು ಈ ಒಂದೇ ಕಾರಣಕ್ಕೆ.

ಇನ್ವರ್ಟರ್ ಲೆಕ್ಕ ಬೇರೆ ಇದೆ. 70 ವ್ಯಾಟ್ ಎಂದರೆ ಒಂದು ಸೀಲಿಂಗ್ ಫ್ಯಾನ್. ಮೇ ತಿಂಗಳ ಮಧ್ಯಾಹ್ನ, 43 ಡಿಗ್ರಿ ಬಿಸಿಲಿನಲ್ಲಿ ಕರೆಂಟ್ ಹೋದಾಗ ಬ್ಯಾಟರಿಯಿಂದ ಒಂದು ಫ್ಯಾನಿನಷ್ಟು ವಿದ್ಯುತ್ತನ್ನು ರೂಟರಿಗೆ ಕೊಡಲು ಮನೆಯ ಹಿರಿಯರು ಒಪ್ಪುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಧೂಳಿನ ಮಾತನ್ನು ಕಣ್ಣಾರೆ ಕಂಡೇ ಹೇಳುತ್ತಿದ್ದೇನೆ. ಕಪನೂರಿನ ಮಿಲ್ಲಿನಲ್ಲಿ ಮೊದಲು ಇಟ್ಟಿದ್ದು ಸಾಮಾನ್ಯ ಡೆಸ್ಕ್‌ಟಾಪ್. ತೊಗರಿಯ ಹಂಗಾಮು ಮುಗಿದ ಮೇಲೆ ಒಮ್ಮೆ ಮುಚ್ಚಳ ಬಿಚ್ಚಿದೆ. ಹೀಟ್‌ಸಿಂಕಿನ ಅಲುಗುಗಳ ನಡುವೆ ಹಳದಿ ಹೊಟ್ಟಿನ ಧೂಳು ಕಂಬಳಿಯ ಹಾಗೆ ಹೆಣೆದುಕೊಂಡಿತ್ತು, ಚಿಮಟಿಗೆಯಿಂದ ಎಳೆದರೆ ಇಡೀ ಪದರವೇ ಎದ್ದು ಬಂತು. ಅದರ ಕೆಳಗೆ ಫ್ಯಾನ್ ತಿರುಗುತ್ತಿತ್ತು, ಗಾಳಿ ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ಪವರ್ ಸಪ್ಲೈ ಒಳಗೂ ಅದೇ ಧೂಳು. ಮಿಲ್, ಹಿಟ್ಟಿನ ಗಿರಣಿ, ಕಲ್ಲಿನ ಪಾಲಿಷ್ ಘಟಕ, ಸಿಮೆಂಟ್ ಕಾರ್ಖಾನೆಗಳ ಸುತ್ತಲಿನ ಊರುಗಳಲ್ಲಿ ಫ್ಯಾನ್ ಇಲ್ಲದ ಪೆಟ್ಟಿಗೆಯೇ ಸರಿ. ಅದರ ಲೋಹದ ಮೈಯೇ ಶಾಖವನ್ನು ಹೊರಹಾಕುತ್ತದೆ, ವಾರಕ್ಕೊಮ್ಮೆ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಆದರೆ ತಗಡಿನ ಚಾವಣಿಯ ಕೆಳಗಿನ ಅಟ್ಟದ ಮೇಲೆ ಅದನ್ನು ಇಡಬೇಡಿ. ಗೋಡೆಯಲ್ಲಿ ಶಹಾಬಾದ್ ಕಲ್ಲಿನ ಶೆಲ್ಫ್ ಇದ್ದರೆ ಕೆಳಗಿನ ಹಂತದಲ್ಲಿ, ಸುತ್ತ ನಾಲ್ಕು ಬೆರಳು ಜಾಗ ಬಿಟ್ಟು ಇಡಿ. ಬೇಸಿಗೆಯಲ್ಲೂ ಕಲ್ಲು ತಣ್ಣಗಿರುತ್ತದೆ.

ನೆಟ್‌ವರ್ಕ್ ಕಾರ್ಡಿನಲ್ಲಿ ಮಾತ್ರ ಜಿಪುಣತನ ಬೇಡ

ರೂಟರ್ ಪಿಸಿಗೆ ಎರಡು ಕಿವಿ ಬೇಕು: ಒಂದು ಹೊರಗಿನ ಲೈನಿಗೆ, ಇನ್ನೊಂದು ಒಳಗಿನ ಸ್ವಿಚ್ಚಿಗೆ. ಹಳೆಯ ಪಿಸಿಯ ಮದರ್‌ಬೋರ್ಡಿನಲ್ಲಿ ಒಂದೇ ಪೋರ್ಟ್ ಇರುತ್ತದೆ, ಅದೂ ಬಹುಪಾಲು ರಿಯಲ್‌ಟೆಕ್ ಚಿಪ್ಪಿನದು. ಎರಡನೆಯದಕ್ಕೆ ಯುಎಸ್‌ಬಿ ಅಡಾಪ್ಟರ್ ಚುಚ್ಚಿ ಕೆಲಸ ಸಾಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಪರೀಕ್ಷೆಗೆ ಒಂದು ಸಂಜೆ ಪರವಾಗಿಲ್ಲ, ನಲವತ್ತು ಜನ ನಂಬಿ ಕೂರುವ ಜಾಗಕ್ಕೆ ಬೇಡ. ಬಿಸಿಯೇರಿದ ಮೇಲೆ ಅದು ಯಾವಾಗ ಕಳಚಿಕೊಳ್ಳುತ್ತದೆಂದು ಹೇಳಲು ಬರುವುದಿಲ್ಲ.

ಸರ್ವರುಗಳಿಂದ ಬಿಚ್ಚಿ ಮಾರುವ ಇಂಟೆಲ್‌ನ ಎರಡು ಪೋರ್ಟಿನ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. 82571, ಐ350ರಂಥ ಚಿಪ್ಪುಗಳು ಹಳೆಯವಾದರೂ ಗಟ್ಟಿ. ಹೊಸದೆಂದು ತೀರಾ ಅಗ್ಗಕ್ಕೆ ಸಿಗುವ ಇಂಟೆಲ್ ಹೆಸರಿನ ಕಾರ್ಡುಗಳಲ್ಲಿ ನಕಲಿ ಹೆಚ್ಚು, ಎಚ್ಚರವಿರಲಿ. ತಂತ್ರಾಂಶದ ಆಯ್ಕೆಯೂ ಈ ಕಾರ್ಡಿನ ಜೊತೆ ತಳಕು ಹಾಕಿಕೊಂಡಿದೆ. ಲಿನಕ್ಸ್‌ನಂಥದೇ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯಾದ ಫ್ರೀಬಿಎಸ್‌ಡಿ ಆಧರಿಸಿದ ತಂತ್ರಾಂಶಗಳಿಗೆ ರಿಯಲ್‌ಟೆಕ್ ಜೊತೆ ಮೊದಲಿನಿಂದಲೂ ಹೊಂದಾಣಿಕೆ ಕಡಿಮೆ. ಭಾರ ಹೆಚ್ಚಾದಾಗ ಪೋರ್ಟ್ ಸ್ತಬ್ಧವಾಗಿ, ಪರದೆಯ ಮೇಲೆ ‘ವಾಚ್‌ಡಾಗ್ ಟೈಮ್‌ಔಟ್’ ಎಂಬ ಸಾಲು ಕಾಣಿಸಿಕೊಳ್ಳುತ್ತದೆ. ಲಿನಕ್ಸ್ ಅದೇ ಕಾರ್ಡನ್ನು ಹೆಚ್ಚು ಚೆನ್ನಾಗಿ ನಡೆಸುತ್ತದೆ. ಹೀಗಾಗಿ ರಿಯಲ್‌ಟೆಕ್ ಬಿಟ್ಟು ಬೇರೆ ದಾರಿಯಿಲ್ಲ ಎಂದಾದರೆ ನಿಮ್ಮ ತಂತ್ರಾಂಶವೂ ಲಿನಕ್ಸ್ ಕಡೆಯದೇ ಆಗಿರಲಿ. ಒಂದೇ ಪೋರ್ಟ್ ಇಟ್ಟುಕೊಂಡು ಮ್ಯಾನೇಜ್ಡ್ ಸ್ವಿಚ್ ಮತ್ತು ವಿಲ್ಯಾನ್ (ಒಂದೇ ತಂತಿಯಲ್ಲಿ ಬೇರೆ ಬೇರೆ ಜಾಲ ಸಾಗಿಸುವ ವಿಧಾನ) ಬಳಸಿಯೂ ಕೆಲಸ ಮಾಡಬಹುದು. ಅದು ಚೆಂದದ ಉಪಾಯ, ಆದರೆ ಮೊದಲ ಸಲ ಮಾಡುವವರಿಗೆ ಅಲ್ಲ.

ಪಿಸಿಯಲ್ಲಿರುವ ವೈಫೈಯನ್ನು ಮರೆತುಬಿಡಿ. ಹಳೆಯ ಬಿಳಿ ಪೆಟ್ಟಿಗೆಯನ್ನೋ ಇನ್ನೊಂದು ವೈಫೈ ರೂಟರನ್ನೋ ಬರೀ ವೈಫೈಗೆಂದು ಇಟ್ಟುಕೊಳ್ಳಿ. ಅದರ ಡಿಎಚ್‌ಸಿಪಿ (ವಿಳಾಸ ಹಂಚುವ ಸೌಲಭ್ಯ) ಆರಿಸಿ, ವಿಳಾಸ ಬದಲಿಸಿ, ಪಿಸಿಯಿಂದ ಬರುವ ಕೇಬಲನ್ನು ಅದರ ಲ್ಯಾನ್ ಪೋರ್ಟಿಗೆ ಚುಚ್ಚಿ.

ತಂತ್ರಾಂಶ: ನಿಜವಾದ ಆಯ್ಕೆ ಮೂರರ ನಡುವೆ

ವಿಂಡೋಸ್‌ನಲ್ಲೇ ಇಂಟರ್ನೆಟ್ ಹಂಚುವ ಸೌಲಭ್ಯ 1999ರ ವಿಂಡೋಸ್ 98ರ ಎರಡನೇ ಆವೃತ್ತಿಯಿಂದಲೂ ಇದೆ. ಇಬ್ಬರಿಗೆ ಒಂದು ದಿನಕ್ಕೆ ಆದೀತು, ಅಷ್ಟೇ. ಮೈಕ್ರೋಟಿಕ್‌ನ ರೂಟರ್‌ಒಎಸ್ ಪಿಸಿಯಲ್ಲೂ ಓಡುತ್ತದೆ, ಆದರೆ ಪರವಾನಗಿಗೆ ಹಣ ಕೊಡಬೇಕು. ಆ ಹಣಕ್ಕೆ ಅವರದೇ ಪುಟ್ಟ ಪೆಟ್ಟಿಗೆ ಕೊಳ್ಳುವುದು ಲೇಸು. ಜರ್ಮನಿಯ ಐಪಿಫೈರ್ ಹೊರಗಿನ ಬದಿಗೆ ಕೆಂಪು, ಒಳಗಿನ ಬದಿಗೆ ಹಸಿರು, ವೈಫೈಗೆ ನೀಲಿ ಎಂದು ಬಣ್ಣ ಹಚ್ಚಿ ವಿವರಿಸುವ ರೀತಿ ನನಗೆ ಇಷ್ಟ. ಆದರೂ ನಾನು ಇಟ್ಟುಕೊಂಡಿರುವುದು ಬೇರೆ ಮೂರು: ಫ್ರೀಬಿಎಸ್‌ಡಿ ಕಡೆಯ ಓಪನ್‌ಸೆನ್ಸ್, ಲಿನಕ್ಸ್ ಕಡೆಯ ಓಪನ್‌ಡಬ್ಲ್ಯುಆರ್‌ಟಿ ಮತ್ತು ಬರೀ ಡೆಬಿಯನ್ ಲಿನಕ್ಸ್.

ಓಪನ್‌ಸೆನ್ಸ್ ಮತ್ತು ಪಿಎಫ್‌ಸೆನ್ಸ್ ಒಂದೇ ಮನೆತನದವು. ಎರಡಕ್ಕೂ ಮೂಲ ಮೊನೊವಾಲ್ ಎಂಬ ಹಳೆಯ ಯೋಜನೆ. 2004ರಲ್ಲಿ ಅದರಿಂದ ಪಿಎಫ್‌ಸೆನ್ಸ್ ಕವಲೊಡೆಯಿತು, ಪಿಎಫ್‌ಸೆನ್ಸ್‌ನಿಂದ ಒಡೆದು ಬಂದ ಓಪನ್‌ಸೆನ್ಸ್‌ನ ಮೊದಲ ಆವೃತ್ತಿ 2015ರ ಜನವರಿಯಲ್ಲಿ ಹೊರಬಂತು. ಎರಡೂ ಫ್ರೀಬಿಎಸ್‌ಡಿ ಮೇಲೆ ನಿಂತಿವೆ, ಎರಡಕ್ಕೂ 64 ಬಿಟ್ ಪ್ರೊಸೆಸರ್ ಬೇಕು. ಒಳಗಿನ ನ್ಯಾಟ್ ಯಂತ್ರ ಓಪನ್‌ಬಿಎಸ್‌ಡಿಯಲ್ಲಿ ಹುಟ್ಟಿದ ಪಿಎಫ್. ಎರಡರ ನಡುವೆ ಆರಿಸಬೇಕೆಂದರೆ ನಾನು ಓಪನ್‌ಸೆನ್ಸ್ ಎನ್ನುತ್ತೇನೆ. ವರ್ಷಕ್ಕೆ ಎರಡು ದೊಡ್ಡ ಆವೃತ್ತಿಗಳು, ಜನವರಿ ಮತ್ತು ಜುಲೈಯಲ್ಲಿ, ತಪ್ಪದೆ ಬರುತ್ತವೆ. ಪೂರ್ತಿ ಕಡತವನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಇಂಟರ್ನೆಟ್ ಇಲ್ಲದ ಜಾಗದಲ್ಲೂ ಸ್ಥಾಪಿಸಬಹುದು. ಪಿಎಫ್‌ಸೆನ್ಸ್‌ನ ಈಗಿನ ಸ್ಥಾಪಕ ತಂತ್ರಾಂಶ ಸ್ಥಾಪನೆಯ ವೇಳೆಯೇ ಇಂಟರ್ನೆಟ್ ಕೇಳುತ್ತದೆ. ಇಂಟರ್ನೆಟ್ ತರಬೇಕಾದ ಯಂತ್ರವೇ ಮೊದಲು ಇಂಟರ್ನೆಟ್ ಕೇಳಿದರೆ ಹಳ್ಳಿಯ ಶಾಲೆಯಲ್ಲಿ ಕೂತವನಿಗೆ ಕಷ್ಟ.

ಓಪನ್‌ಸೆನ್ಸ್‌ನ ದೊಡ್ಡ ಗುಣವೆಂದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಯಾವ ವಿಳಾಸ ಎಷ್ಟು ಎಳೆಯುತ್ತಿದೆ, ಪಟ್ಟಿಯಲ್ಲಿ ಎಷ್ಟು ನಮೂದು, ಯಾವ ನಿಯಮ ಯಾವ ಪ್ಯಾಕೆಟನ್ನು ತಡೆಯಿತು ಎಂಬುದೆಲ್ಲ ಬ್ರೌಸರಿನಲ್ಲೇ ಸಿಗುತ್ತದೆ. ಹೊರಹೋಗುವ ನ್ಯಾಟ್ ನಿಯಮಗಳನ್ನು ಅದೇ ತಾನಾಗಿ ಬರೆದುಕೊಳ್ಳುತ್ತದೆ. ಪಿಎಫ್‌ನಲ್ಲಿ ಒಂದು ನಮೂದಿಗೆ ಸುಮಾರು 1 ಕೆಬಿ ಮೆಮೊರಿ, ಒಂದು ಸಂಪರ್ಕಕ್ಕೆ ಒಳಬದಿ ಮತ್ತು ಹೊರಬದಿಯ ಎರಡು ನಮೂದು. ಓದುವ ಕೊಠಡಿಯ 8,250 ಸಂಪರ್ಕಗಳಿಗೆ ಹೆಚ್ಚೆಂದರೆ 17 ಎಂಬಿ. ಬಿಳಿ ಪೆಟ್ಟಿಗೆಗೆ ಬೆಟ್ಟವಾಗಿದ್ದದ್ದು ಇಲ್ಲಿ ಅಂಗೈಯಗಲ ಜಾಗ. ಒಂದು ಕಿರಿಕಿರಿ ಇದೆ: ಪಿಎಫ್ ಹೊರಗಿನ ಪೋರ್ಟ್ ಸಂಖ್ಯೆಯನ್ನು ಪ್ರತಿ ಸಲ ಬದಲಿಸಿಬಿಡುವುದರಿಂದ ಕೆಲವು ಆನ್‌ಲೈನ್ ಆಟಗಳು, ಹಳೆಯ ಇಂಟರ್ನೆಟ್ ಫೋನುಗಳು ತಕರಾರು ಮಾಡುತ್ತವೆ. ಆ ಸಾಧನಕ್ಕೆ ಮಾತ್ರ ‘ಸ್ಟ್ಯಾಟಿಕ್ ಪೋರ್ಟ್’ ನಿಯಮ ಬರೆದರೆ ಸರಿಹೋಗುತ್ತದೆ.

ಓಪನ್‌ಡಬ್ಲ್ಯುಆರ್‌ಟಿಯನ್ನು ಜನ ಪುಟ್ಟ ರೂಟರುಗಳ ತಂತ್ರಾಂಶ ಎಂದೇ ತಿಳಿದಿದ್ದಾರೆ. ಅದಕ್ಕೆ ಪಿಸಿಯ ಆವೃತ್ತಿಯೂ ಇದೆ. 256 ಎಂಬಿ ರ್‍ಯಾಮ್ ಇದ್ದರೂ ನೆಮ್ಮದಿಯಾಗಿ ಓಡುತ್ತದೆ. ನಮ್ಮ ಭಾಗಕ್ಕೆ ಇದರ ಅತಿ ದೊಡ್ಡ ಉಪಕಾರ ಬೇರೆಯೇ ಇದೆ. ಇದರ ಮೂಲ ಕಡತಗಳು ಬರೆಯಲಾಗದ ರೂಪದಲ್ಲಿ ಕೂತಿರುತ್ತವೆ, ನಿಮ್ಮ ಬದಲಾವಣೆಗಳಷ್ಟೇ ಮೇಲಿನ ತೆಳು ಪದರದಲ್ಲಿ ಇರುತ್ತವೆ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗಿ ಬಂದರೂ ತಂತ್ರಾಂಶ ಕೆಡುವ ಭಯ ಕಡಿಮೆ. ಮಿಲ್ಲಿನಲ್ಲಿ ದೊಡ್ಡ ಮೋಟಾರ್ ಶುರುವಾದಾಗಲೆಲ್ಲ ವೋಲ್ಟೇಜ್ ಕುಸಿಯುತ್ತದೆ, ಅಲ್ಲಿ ನಾನು ಇದನ್ನು ಆರಿಸಿದ್ದು ಅದಕ್ಕೇ. ಓಪನ್‌ಸೆನ್ಸ್ ಹಾಕುವುದಾದರೆ ಡಿಸ್ಕಿಗೆ ಝೆಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಆರಿಸಿ, ಯುಪಿಎಸ್ ಜೋಡಿಸಿ.

ಇದರ ಇನ್ನೊಂದು ಬಲ ಸರತಿಯನ್ನು ನಿಭಾಯಿಸುವ ‘ಕೇಕ್’ ಎಂಬ ವಿಧಾನ. ಒಬ್ಬ ಹುಡುಗ ಮೊಬೈಲಿನಿಂದ ದೊಡ್ಡ ವಿಡಿಯೊ ಮೇಲಕ್ಕೆ ಕಳುಹಿಸುತ್ತಿದ್ದರೆ ಉಳಿದವರ ಪುಟಗಳು ತೆರೆಯದೆ ಕಾಯುತ್ತವಲ್ಲ, ಅದಕ್ಕೆ ಕಾರಣ ಲೈನಿನ ಬಾಯಲ್ಲಿ ಪ್ಯಾಕೆಟ್‌ಗಳ ಉದ್ದ ಸಾಲು. ಲೈನಿನ ನಿಜವಾದ ವೇಗದ ಶೇ. 90ರಿಂದ 95ಕ್ಕೆ ಮಿತಿ ಹಾಕಿ ಕೇಕ್ ಜೋಡಿಸಿದರೆ, ಸಾಲು ಸೇವಾದಾರರ ಪೆಟ್ಟಿಗೆಯಲ್ಲಿ ಬೆಳೆಯುವ ಬದಲು ನಿಮ್ಮ ಪಿಸಿಯ ಹಿಡಿತಕ್ಕೆ ಬರುತ್ತದೆ, ಎಲ್ಲರಿಗೂ ಪಾಲು ಸಿಗುತ್ತದೆ. ಇದನ್ನು ಜೋಡಿಸಿದ ಸಂಜೆ ಲೈನಿನ ವೇಗ ಸ್ವಲ್ಪ ಇಳಿದಿತ್ತು, ಆದರೂ ಎಲ್ಲರೂ ‘ಈಗ ಜೋರಾಗಿದೆ’ ಎಂದರು. ಓಪನ್‌ಸೆನ್ಸ್‌ನಲ್ಲಿ ಇದೇ ಕೆಲಸಕ್ಕೆ ‘ಎಫ್‌ಕ್ಯೂ ಕೋಡೆಲ್’ ಇದೆ, ಜೋಡಿಸಲು ನಾಲ್ಕು ಹೆಜ್ಜೆ ಹೆಚ್ಚು. ಓಪನ್‌ಡಬ್ಲ್ಯುಆರ್‌ಟಿಯ ಕೊರತೆ ಎಂದರೆ ಪಿಸಿಯಲ್ಲಿ ಅದು ಡಿಸ್ಕಿನ ನೂರು ಎಂಬಿ ಚಿಲ್ಲರೆಯನ್ನಷ್ಟೇ ತನ್ನದಾಗಿಸಿಕೊಂಡು ಉಳಿದದ್ದನ್ನು ಖಾಲಿ ಬಿಡುತ್ತದೆ. ಜಾಗ ಹಿಗ್ಗಿಸಬಹುದು, ಆದರೆ ಮುಂದೆ ಆವೃತ್ತಿ ಬದಲಿಸುವಾಗ ಅದೇ ತೊಡಕಾಗುತ್ತದೆ.

ಮೂರನೆಯದು ನನಗೆ ಪ್ರಿಯವಾದದ್ದು, ಆದರೂ ಇನ್ನೊಬ್ಬರಿಗೆ ಹೇಳುವಾಗ ಯೋಚಿಸುವಂಥದ್ದು: ಬರೀ ಡೆಬಿಯನ್ ಹಾಕಿ, ಎಲ್ಲವನ್ನೂ ಕೈಯಿಂದ ಬರೆಯುವುದು. ಕರ್ನೆಲ್‌ನಲ್ಲಿ, ಅಂದರೆ ಲಿನಕ್ಸ್‌ನ ತಿರುಳಿನಲ್ಲಿ, ಐಪಿ ಫಾರ್ವರ್ಡ್ ಮೌಲ್ಯವನ್ನು 0ಯಿಂದ 1ಕ್ಕೆ ತಿರುಗಿಸಬೇಕು. ಆ ಒಂದು ಅಂಕಿಯಿಂದ ಪಿಸಿ ಎಂಬುದು ರೂಟರ್ ಆಗುತ್ತದೆ. ಆಮೇಲೆ ನಿಯಮ ಬರೆಯುವ ಎನ್‌ಎಫ್‌ಟೇಬಲ್ಸ್‌ನಲ್ಲಿ, ಹೊರಗಿನ ಪೋರ್ಟಿನಿಂದ ಹೋಗುವುದಕ್ಕೆಲ್ಲ ‘ಮಾಸ್ಕರೇಡ್’ ಮಾಡು, ಅಂದರೆ ಒಳಗಿನ ವಿಳಾಸ ಮರೆಸಿ ಹೊರಗಿನದನ್ನು ಹಾಕು ಎಂಬ ಒಂದು ಸಾಲು. ನ್ಯಾಟ್ ಎಂದರೆ ಇಷ್ಟೇ. ಆದರೆ ನ್ಯಾಟ್ ಕಾವಲುಗಾರನಲ್ಲ. ಒಳಗಿನಿಂದ ಶುರುವಾದ ಮಾತಿನ ಉತ್ತರಕ್ಕೆ ಮಾತ್ರ ದಾರಿ ಬಿಡು, ಉಳಿದದ್ದನ್ನು ತಡೆ ಎಂಬ ನಿಯಮವನ್ನು ಬೇರೆಯಾಗಿಯೇ ಬರೆಯಬೇಕು. ಆ ನಿಯಮ ಐಪಿವಿ4 ಮತ್ತು ಅದರ ನಂತರ ಬಂದ ಹೊಸ ಬಗೆಯ ವಿಳಾಸಗಳಾದ ಐಪಿವಿ6 ಎರಡಕ್ಕೂ ಅನ್ವಯಿಸುವ ‘ಐನೆಟ್’ ಪಟ್ಟಿಯಲ್ಲಿ ಇರಬೇಕು. ಇಲ್ಲದಿದ್ದರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ, ಏಕೆಂದರೆ ಐಪಿವಿ6ರಲ್ಲಿ ಸಾಮಾನ್ಯವಾಗಿ ನ್ಯಾಟ್ ಇರುವುದಿಲ್ಲ, ಒಳಗಿನ ಪ್ರತಿ ಸಾಧನಕ್ಕೂ ಹೊರಗಿನ ವಿಳಾಸವೇ ಸಿಗುತ್ತದೆ. ವಿಳಾಸ ಹಂಚಲು, ತಾಣದ ಹೆಸರು ಹುಡುಕಲು ಡಿಎನ್‌ಎಸ್‌ಮಾಸ್ಕ್ ಎಂಬ ಪುಟ್ಟ ತಂತ್ರಾಂಶ ಸಾಕು. ಲಿನಕ್ಸ್ ಒಮ್ಮೆ ತೆರೆದ ಟಿಸಿಪಿ ಸಂಪರ್ಕವನ್ನು ಸದ್ದಿಲ್ಲದಿದ್ದರೂ 4,32,000 ಸೆಕೆಂಡು, ಅಂದರೆ ಐದು ದಿನ ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತದೆ. ಜನ ಬಂದು ಹೋಗುವ ಜಾಗದಲ್ಲಿ ಅದನ್ನು ಕೆಲವು ಗಂಟೆಗಳಿಗೆ ಇಳಿಸಿ.

ಪಿಪಿಪಿಒಇ ಲೈನ್, ಅಂದರೆ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಸೇರುವ ಫೈಬರ್ ಲೈನ್ ಇದ್ದರೆ ಇನ್ನೊಂದು ಸೂಕ್ಷ್ಮವಿದೆ. ಅದರ ಹೊದಿಕೆಗೆ 8 ಬೈಟ್ ಹೋಗುವುದರಿಂದ ಪ್ಯಾಕೆಟಿನ ಗಾತ್ರ 1500ರಿಂದ 1492ಕ್ಕೆ ಇಳಿಯುತ್ತದೆ. ಇದನ್ನು ಸರಿಹೊಂದಿಸದಿದ್ದರೆ ಕೆಲವು ತಾಣ ತೆರೆಯುತ್ತವೆ, ಕೆಲವು ಎಷ್ಟು ಹೊತ್ತಾದರೂ ತೆರೆಯುವುದಿಲ್ಲ. ಓಪನ್‌ಸೆನ್ಸ್ ಮತ್ತು ಓಪನ್‌ಡಬ್ಲ್ಯುಆರ್‌ಟಿ ತಾವೇ ನೋಡಿಕೊಳ್ಳುತ್ತವೆ, ಡೆಬಿಯನ್‌ನಲ್ಲಿ ಆ ಸಾಲನ್ನೂ ನೀವೇ ಬರೆಯಬೇಕು.

ಹೀಗೆ ಬರೆಯುತ್ತಾ ಹೋದರೆ ಇಂಟರ್ನೆಟ್ ಹೇಗೆ ನಡೆಯುತ್ತದೆ ಎಂಬುದು ಬೆರಳ ತುದಿಗೆ ಇಳಿಯುತ್ತದೆ. ಎಂಜಿನಿಯರಿಂಗ್ ಓದುವ ಮಕ್ಕಳಿಗೆ ನಾನು ಹೇಳುವುದು ಇದನ್ನೇ: ಒಮ್ಮೆಯಾದರೂ ಇದನ್ನು ಕೈಯಾರೆ ಕಟ್ಟಿ.

ಓದುವ ಕೊಠಡಿಗೂ ಮೊದಲು ನಾನು ಡೆಬಿಯನ್ನೇ ಹಾಕಿದ್ದೆ. ಏಳು ತಿಂಗಳು ಒಂದು ದೂರು ಬರಲಿಲ್ಲ. ಒಂದು ದಿನ ನಾನು ಬೀದರಿನಲ್ಲಿ ಸಂಬಂಧಿಕರ ಮದುವೆಯಲ್ಲಿದ್ದಾಗ ಫೋನ್ ಬಂತು. ಇಂಟರ್ನೆಟ್ ಪೂರ್ತಿ ನಿಂತಿದೆ, ನಾಳೆ ಮಕ್ಕಳಿಗೆ ಅರ್ಜಿ ಸಲ್ಲಿಸುವ ಕೊನೆಯ ದಿನ. ಮಾಲೀಕರ ತಮ್ಮ ಆ ಪಿಸಿಗೆ ಇನ್ನೊಂದು ಕಾರ್ಡ್ ಹಾಕಿಸಿದ್ದ. ಅದರಿಂದ ಲಿನಕ್ಸ್ ನೆಟ್‌ವರ್ಕ್ ಪೋರ್ಟಿನ ಹೆಸರಿನ ಅಂಕಿಯನ್ನು 2ರಿಂದ 3ಕ್ಕೆ ಬದಲಿಸಿಕೊಂಡಿತ್ತು. ನನ್ನ ನಿಯಮಗಳೆಲ್ಲ ಹಳೆಯ ಹೆಸರಿನ ಮೇಲೆ ನಿಂತಿದ್ದವು. ಕಪ್ಪು ಪರದೆಯ ಮುಂದೆ ಕೂತ ಆ ಹುಡುಗನಿಗೆ ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿ ಬರೆಸುವಷ್ಟರಲ್ಲಿ ರಾತ್ರಿ ಹನ್ನೊಂದಾಗಿತ್ತು. ತಪ್ಪು ನನ್ನದು. ಪೋರ್ಟಿನ ಹೆಸರನ್ನು ಕಾರ್ಡಿನ ಮ್ಯಾಕ್ ವಿಳಾಸಕ್ಕೆ (ಕಾರ್ಡಿಗೇ ಅಂಟಿದ ಗುರುತಿನ ಸಂಖ್ಯೆ) ಕಟ್ಟಿಹಾಕಿದ್ದರೆ ಹೀಗಾಗುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು, ನನ್ನ ಹೊರತು ಯಾರೂ ಓದಲಾಗದ ಯಂತ್ರವನ್ನು ನಲವತ್ತು ಮಕ್ಕಳ ನಡುವೆ ಬಿಟ್ಟು ಬಂದಿದ್ದು. ಮರುವಾರ ಅಲ್ಲಿ ಓಪನ್‌ಸೆನ್ಸ್ ಹಾಕಿದೆ. ಅದರ ಎಲ್ಲ ಸೆಟ್ಟಿಂಗ್ ಒಂದೇ ಎಕ್ಸ್‌ಎಂಎಲ್ ಕಡತದಲ್ಲಿ ಇಳಿಯುತ್ತದೆ, ಯಂತ್ರವೇ ಸತ್ತರೂ ಇನ್ನೊಂದು ಪಿಸಿಗೆ ಅದನ್ನು ಏರಿಸಿ, ಯಾವ ಪೋರ್ಟ್ ಹೊರಗೆ, ಯಾವುದು ಒಳಗೆ ಎಂದು ಆರಿಸಿದರೆ ಅರ್ಧ ಗಂಟೆಯಲ್ಲಿ ಲೈನ್ ಮರಳುತ್ತದೆ.

ಆದ್ದರಿಂದ ನಾನೀಗ ಯಾರೇ ಕೇಳಿದರೂ ಸೌಲಭ್ಯಗಳ ಪಟ್ಟಿ ಬಿಚ್ಚುವುದಿಲ್ಲ. ನೀವು ಊರಲ್ಲಿ ಇಲ್ಲದಾಗ ಇದನ್ನು ಮುಟ್ಟುವವರು ಯಾರು ಎಂದು ಕೇಳುತ್ತೇನೆ. ‘ಬ್ರೌಸರ್ ತೆರೆಯಬಲ್ಲ ಒಬ್ಬರು ಇದ್ದಾರೆ’ ಎಂದರೆ ಓಪನ್‌ಸೆನ್ಸ್, ಇಂಟೆಲ್ ಕಾರ್ಡ್, ಯುಪಿಎಸ್. ‘ಯಾರೂ ಇಲ್ಲ, ಸ್ವಿಚ್ ಆರಿಸಿ ಹಾಕುವುದಷ್ಟೇ ಗೊತ್ತು’ ಎಂದರೆ ಓಪನ್‌ಡಬ್ಲ್ಯುಆರ್‌ಟಿ. ‘ನಾನೇ ಸದಾ ಇರುತ್ತೇನೆ, ಕಲಿಯಬೇಕು’ ಎಂದರೆ ಡೆಬಿಯನ್. ನನ್ನ ಮನೆಯಲ್ಲಿ ಇರುವುದು ಅದೇ.

ಜೋಡಿಸುವ ರಾತ್ರಿ

ಕೆಲಸವನ್ನು ರಾತ್ರಿ ಹತ್ತರ ನಂತರ ಮಾಡಿ, ಹಳೆಯ ಪೆಟ್ಟಿಗೆಯನ್ನು ಇದ್ದ ಹಾಗೆಯೇ ಪಕ್ಕದಲ್ಲಿ ಇಟ್ಟುಕೊಳ್ಳಿ. ಆಗದಿದ್ದರೆ ಎರಡು ಕೇಬಲ್ ಬದಲಿಸಿ ಮನೆಗೆ ಹೋಗಬಹುದು.

ಒಂದು ಗುಂಡಿಗೆ ಎಲ್ಲರೂ ಬೀಳುತ್ತಾರೆ, ನಾನೂ ಒಂದು ಪೂರ್ತಿ ಸಂಜೆ ಅದರಲ್ಲಿ ಬಿದ್ದಿದ್ದೆ. ಓಪನ್‌ಸೆನ್ಸ್, ಪಿಎಫ್‌ಸೆನ್ಸ್, ಓಪನ್‌ಡಬ್ಲ್ಯುಆರ್‌ಟಿ ಮೂರೂ ಒಳಬದಿಗೆ ತಾವಾಗಿಯೇ ಇಟ್ಟುಕೊಳ್ಳುವ ವಿಳಾಸ 192.168.1.1. ಬಹಳಷ್ಟು ಸೇವಾದಾರರ ಪೆಟ್ಟಿಗೆಯ ವಿಳಾಸವೂ 192.168.1.1. ಎರಡೂ ಬದಿಗೆ ಒಂದೇ ಜಾಲವಾದರೆ ಪ್ಯಾಕೆಟ್ ಯಾವ ಕಡೆ ಹೋಗಬೇಕೆಂದು ಪಿಸಿಗೆ ತಿಳಿಯುವುದಿಲ್ಲ. ದೀಪಗಳೆಲ್ಲ ಮಿನುಗುತ್ತಿರುತ್ತವೆ, ಒಂದು ಪುಟವೂ ತೆರೆಯುವುದಿಲ್ಲ. ಸ್ಥಾಪಿಸಿದ ತಕ್ಷಣ, ಹೊರಗಿನ ಕೇಬಲ್ ಚುಚ್ಚುವ ಮೊದಲೇ ಒಳಗಿನ ವಿಳಾಸವನ್ನು 192.168.50.1 ಎಂದೋ 10.20.30.1 ಎಂದೋ ಬದಲಿಸಿಬಿಡಿ.

ಸೇವಾದಾರರ ಪೆಟ್ಟಿಗೆಯನ್ನು ‘ಬ್ರಿಜ್’ ಸ್ಥಿತಿಗೆ ಹಾಕಿಸಿಕೊಂಡರೆ ನ್ಯಾಟ್ ಕೆಲಸ ಪೂರ್ತಿ ನಿಮ್ಮ ಪಿಸಿಗೆ ಬರುತ್ತದೆ. ಹಾಗೆ ಕೇಳುವಾಗ ಪಿಪಿಪಿಒಇ ಹೆಸರು, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಮೂರನ್ನೂ ಬರೆದುಕೊಳ್ಳಿ. ಅದೇ ಪೆಟ್ಟಿಗೆಯಲ್ಲಿ ದೂರವಾಣಿ ಸಂಪರ್ಕವೂ ಇದ್ದರೆ, ಇಂಟರ್ನೆಟ್ಟಿನ ಭಾಗವನ್ನು ಮಾತ್ರ ಬ್ರಿಜ್ ಮಾಡಿ ಎಂದು ಸ್ಪಷ್ಟವಾಗಿ ಹೇಳಿ. ಅವರು ಒಪ್ಪದಿದ್ದರೆ ಎರಡು ನ್ಯಾಟ್ ಒಂದರ ಹಿಂದೆ ಒಂದು ಕೂರುತ್ತವೆ. ಓದುವುದಕ್ಕೆ, ನೋಡುವುದಕ್ಕೆ ಅದರಿಂದ ಅಡ್ಡಿಯಿಲ್ಲ, ಆದರೆ ಆ ಸಣ್ಣ ಪೆಟ್ಟಿಗೆಯ ಪಟ್ಟಿಯ ತೊಂದರೆ ಅಲ್ಲಿಯೇ ಉಳಿಯುತ್ತದೆ. ಓದುವ ಕೊಠಡಿಯಲ್ಲಿ ಬ್ರಿಜ್ ಸಿಕ್ಕಿದ್ದಕ್ಕೇ ಪಿಸಿ ಹಾಕಿದ್ದು ಸಾರ್ಥಕವಾಯಿತು.

ಪಿಸಿಯ ಮೂಲ ಸೆಟ್ಟಿಂಗ್ ಪುಟವಾದ ಬಯೋಸ್ ತೆರೆದು, ಕರೆಂಟ್ ಬಂದೊಡನೆ ಪಿಸಿ ತಾನೇ ಶುರುವಾಗುವ ಆಯ್ಕೆಯನ್ನು ಹಾಕಿ. ಹಳೆಯ ಪಿಸಿಯಾದರೆ ಅದೇ ಕೈಯಲ್ಲಿ ಮದರ್‌ಬೋರ್ಡಿನ ಸಿಆರ್2032 ಬಟನ್ ಬ್ಯಾಟರಿಯನ್ನೂ ಬದಲಿಸಿ. ಅದು ಸತ್ತಿದ್ದರೆ ಆ ಆಯ್ಕೆ ಮೊದಲ ಪವರ್ ಕಟ್‌ಗೇ ಅಳಿಸಿಹೋಗುತ್ತದೆ, ಬೆಳಿಗ್ಗೆ ಆರಕ್ಕೆ ಬಂದ ಮಕ್ಕಳು ಬಟನ್ ಒತ್ತುವವರಿಗಾಗಿ ಕಾಯುತ್ತಾರೆ.

ಕೊನೆಗೆ ಹೊರಗಿನ ಕೇಬಲ್ಲಿನ ಎರಡೂ ತುದಿಗೆ ಕೆಂಪು ಟೇಪ್ ಸುತ್ತುತ್ತೇನೆ. ಒಂದು ಕಾಗದದಲ್ಲಿ ‘ಕೆಂಪು: ಹೊರಗಿನ ಲೈನ್. ಉಳಿದದ್ದು: ಸ್ವಿಚ್ಚಿಗೆ’ ಎಂದು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದು, ಕೆಳಗೆ ಒಳಗಿನ ವಿಳಾಸ ಮತ್ತು ಜೋಡಿಸಿದ ದಿನಾಂಕ ಹಾಕಿ ಪೆಟ್ಟಿಗೆಯ ಮೇಲೆ ಅಂಟಿಸುತ್ತೇನೆ. ಎಕ್ಸ್‌ಎಂಎಲ್ ಕಡತ ಇರುವ ಪೆನ್‌ಡ್ರೈವ್ ಮಾಲೀಕರ ಕಪಾಟಿನಲ್ಲಿ ಇರುತ್ತದೆ, ಪಾಸ್‌ವರ್ಡ್ ಇರುವ ಚೀಟಿ ಬೇರೆ ಕಡೆ. ಹೋದ ತಿಂಗಳು ಓದುವ ಕೊಠಡಿಯಿಂದ ಮತ್ತೆ ಫೋನ್ ಬಂದಾಗ ನಾನು ಯಾದಗಿರಿಯಲ್ಲಿದ್ದೆ. ‘ಇಂಟರ್ನೆಟ್ ನಿಂತಿತ್ತು, ಕಸ ಗುಡಿಸುವಾಗ ಕೆಂಪು ಟೇಪಿನ ಕೇಬಲ್ ಸಡಿಲವಾಗಿತ್ತು, ಒತ್ತಿದೆ, ಬಂತು’ ಎಂದು ಹೇಳಲು ಮಾಡಿದ ಫೋನ್ ಅದು.